ರೀಟೇಲ್ ಡೈರೆಕ್ಟ್: ಸರ್ಕಾರಕ್ಕೆ ಸಾಲ ಕೊಡೋದು ಸುಲಭ, ನಡುವೆ ವಾಪಸ್ ಕೇಳೋದೇ ಕಷ್ಟ

2025-26ರ ಕೇಂದ್ರ ಬಜೆಟ್ಟಿನ ಗಾತ್ರ 50.65 ಲಕ್ಷ ಕೋಟಿ ರೂ. ಅದರಲ್ಲಿ ಬಡ್ಡಿಗೆಂದೇ ತೆಗೆದಿಟ್ಟದ್ದು 12.76 ಲಕ್ಷ ಕೋಟಿ. ರೂಪಾಯಿಗೆ ನಾಲ್ಕಾಣೆ ಹಳೇ ಸಾಲದ ಬಡ್ಡಿಗೇ ಹೋಯಿತು. ವಿಧಾನಸೌಧದ ಲೆಕ್ಕವೂ ಹಗುರವಿಲ್ಲ: ಅದೇ ವರ್ಷ 1.16 ಲಕ್ಷ ಕೋಟಿ ಸಾಲ ಎತ್ತುವ ಅಂದಾಜು, ಒಟ್ಟು ಹೊಣೆ ಜಿಎಸ್‌ಡಿಪಿಯ (ರಾಜ್ಯದ ವರ್ಷದ ಒಟ್ಟು ಉತ್ಪನ್ನದ) ಶೇ 24.91, ಮಿತಿ ಶೇ 25. ಈ ಬಡ್ಡಿ ಪೆಟ್ರೋಲ್ ಬಂಕಿನಲ್ಲಿ, ದಿನಸಿ ಅಂಗಡಿಯ ಬಿಲ್ಲಿನಲ್ಲಿ ನಾವೇ ಕಟ್ಟುವ ತೆರಿಗೆ. ಪಡೆಯುವವರು ಬಹುಪಾಲು ಬ್ಯಾಂಕು, ವಿಮಾ ಕಂಪನಿ, ಪಿಎಫ್. ಆ ಸಾಲಿನಲ್ಲಿ ಮನೆಮಂದಿಯೂ ನಿಲ್ಲಲಿ ಎಂದು ಆರ್‌ಬಿಐ 2021ರ ನವೆಂಬರ್‌ನಲ್ಲಿ ತೆರೆದದ್ದು ರೀಟೇಲ್ ಡೈರೆಕ್ಟ್, ಸರ್ಕಾರದ ಬಾಂಡ್ ಅಂದರೆ ಸಾಲಪತ್ರಗಳನ್ನು ನೇರವಾಗಿ ಕೊಳ್ಳುವ ಆನ್‌ಲೈನ್ ತಾಣ. 2024ರ ಮೇ ತಿಂಗಳಿಂದ ಮೊಬೈಲ್ ಆ್ಯಪ್ ಕೂಡ ಇದೆ.

ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ, ನೃಪತುಂಗ ರಸ್ತೆಯ ಆರ್‌ಬಿಐ ಕಟ್ಟಡಕ್ಕೆ ಅಲೆಯುವ ಕೆಲಸವೂ ಇಲ್ಲ. ಪ್ಯಾನ್, ವಿಳಾಸದ ದಾಖಲೆ, ಉಳಿತಾಯ ಖಾತೆ, ಮೊಬೈಲ್, ಇಮೇಲ್ ಸಾಕು. ಒಬ್ಬರ ಹೆಸರಲ್ಲೂ ಜಂಟಿಯಾಗಿಯೂ ತೆರೆಯಬಹುದು. ಸಿಕ್ಕಿಬೀಳುವುದು ನಮ್ಮವರ ಇನಿಷಿಯಲ್‌ನಲ್ಲಿ. ಪಾಸ್‌ಬುಕ್ಕಿನಲ್ಲಿ ಎರಡಕ್ಷರ ಮತ್ತು ಹೆಸರು, ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಎರಡೂ ತಾಳೆಯಾಗದೆ ಅರ್ಜಿ ನಿಲ್ಲುತ್ತದೆ. ಮೊದಲು ಬ್ಯಾಂಕಿನಲ್ಲಿ ಹೆಸರು ಸರಿಪಡಿಸಿಕೊಂಡು ಬನ್ನಿ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಹಳೇ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ತುಂಬಲೇಬೇಡಿ. ಆ ಬ್ಯಾಂಕುಗಳೇ ಈಗಿಲ್ಲ.

ವಾರದ ಲೆಕ್ಕ ಹೀಗೆ: ಸಾಮಾನ್ಯವಾಗಿ ಮಂಗಳವಾರ ರಾಜ್ಯಗಳ ಬಾಂಡ್, ಬುಧವಾರ ಟ್ರೆಷರಿ ಬಿಲ್ (ಕೇಂದ್ರ ಒಂದು ವರ್ಷದೊಳಗೆ ತೀರಿಸುವ ಸಾಲಪತ್ರ), ಶುಕ್ರವಾರ ಕೇಂದ್ರದ ಬಾಂಡ್ ಹರಾಜು. ಕನಿಷ್ಠ 10,000 ರೂ., ಆಮೇಲೆ ಅದರ ಗುಣಕದಲ್ಲಿ. ದರ ನೀವು ಕೂಗಬೇಕಿಲ್ಲ. ದೊಡ್ಡವರು ಕೂಗಿದ ದರದ ಸರಾಸರಿಯಲ್ಲಿ ನಿಮ್ಮ ಪಾಲು ಬರುತ್ತದೆ.

ಮೊದಲ ಸಲ ಕೈಹಾಕುವವರಿಗೆ 91 ದಿನದ ಟ್ರೆಷರಿ ಬಿಲ್ಲೇ ಸರಿ. ಇಳುವರಿ (ಹಾಕಿದ ದುಡ್ಡಿಗೆ ವರ್ಷಕ್ಕೆ ನಿಜವಾಗಿ ಸಿಗುವ ಲಾಭ) ಶೇ 6 ಎಂದುಕೊಂಡರೆ 10,000ದ ಬಿಲ್ಲಿಗೆ ಇವತ್ತು ಕೊಡುವುದು ಸುಮಾರು 9,853 ರೂ., 91ನೇ ದಿನ ಖಾತೆಗೆ ಪೂರ್ತಿ 10,000. ನಡುವೆ ಬಡ್ಡಿ ಅಂತ ಏನೂ ಬರುವುದಿಲ್ಲ, ಆ 147 ರೂಪಾಯಿಯೇ ಬಡ್ಡಿ. ವಾರವಾರ ಬಿಡ್ ಹಾಕಿ ಬೇಸತ್ತವರಿಗಾಗಿ ತಾನಾಗಿ ಬಿಡ್ ಹೋಗುವ ವ್ಯವಸ್ಥೆಯನ್ನು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದರು.

ದೀರ್ಘಾವಧಿ ಬಾಂಡಿಗೆ ಬಂದಾಗ ಜನ ಗಾಬರಿಯಾಗುವುದು ಒಂದೇ ಕಡೆ: "ಒಂದು ಲಕ್ಷದ ಬಾಂಡಿಗೆ ಲಕ್ಷಕ್ಕಿಂತ ಜಾಸ್ತಿ ಯಾಕೆ ಕೇಳ್ತಾರೆ?" ಹರಾಜಿಗೆ ಬರುವ ಎಷ್ಟೋ ಬಾಂಡ್‌ಗಳು ಹೊಸವಲ್ಲ, ಹಳೆಯದನ್ನೇ ಮತ್ತೆ ಮಾರುವುದು. ಶೇ 7ರ ಬಾಂಡು, ಹಿಂದಿನ ಬಡ್ಡಿ ಕೊಟ್ಟು ಮೂರು ತಿಂಗಳಾಗಿದೆ, ನೂರು ರೂಪಾಯಿಯ ಬಾಂಡಿಗೆ ಬೆಲೆ 101 ಎಂದಿಟ್ಟುಕೊಳ್ಳಿ. ಬೆಲೆ 1,01,000, ಆ ಮೂರು ತಿಂಗಳ ಬಡ್ಡಿ 1,750 ಸೇರಿ 1,02,750. ಇನ್ನು ಮೂರು ತಿಂಗಳಿಗೆ 3,500 ಬರುತ್ತದೆ, ಅದರಲ್ಲಿ ಅರ್ಧ ನೀವೇ ಮುಂಗಡ ಕೊಟ್ಟ ದುಡ್ಡು. ಕೊನೆಗೆ ಕೈಗೆ ಬರುವ ಅಸಲು 1,00,000 ಮಾತ್ರ. ಹಾಗಾಗಿ ಬಾಂಡಿನ ಹೆಸರಿನಲ್ಲಿರುವ ಶೇಕಡಾ ನೋಡಬೇಡಿ, ಇಳುವರಿ ನೋಡಿ. ಬಿಡ್ ಹಾಕುವಾಗ ಬೆಲೆ ಏರಬಹುದೆಂದು ಸ್ವಲ್ಪ ಹೆಚ್ಚೇ ಹಿಡಿಯುತ್ತಾರೆ. ಉಳಿದದ್ದು ವಾಪಸ್ ಬರುತ್ತದೆ.

ಕರ್ನಾಟಕದ ಬಾಂಡೇ ಬೇಕೆಂಬ ಅಭಿಮಾನವಿದ್ದರೆ ಮೂರು ತಿಂಗಳಿಗೊಮ್ಮೆ ಹೊರಡುವ ರಾಜ್ಯಗಳ ಸಾಲದ ಪಟ್ಟಿ ನೋಡುತ್ತಿರಿ. ಸಾಮಾನ್ಯವಾಗಿ ರಾಜ್ಯದ ಬಾಂಡಿನ ಇಳುವರಿ ಅದೇ ಅವಧಿಯ ಕೇಂದ್ರದ ಬಾಂಡಿಗಿಂತ ಒಂದಿಷ್ಟು ಮೇಲಿರುತ್ತದೆ. ವಿಧಾನಸೌಧ ನಿಮಗೆ ಆರು ತಿಂಗಳಿಗೊಮ್ಮೆ ಬಡ್ಡಿ ಕಟ್ಟುವುದು ನೋಡಲು ಚೆನ್ನಾಗೇ ಇರುತ್ತದೆ!

ಇನ್ನು ಬೇಸರದ ಭಾಗ. ಮಾರಾಟದ ಪರದೆ ಇದೆ, ಕೊಳ್ಳುವವರು ವಿರಳ. ಅಲ್ಲಿ ನಡೆಯುವುದು ಕೋಟಿಗಳ ವ್ಯವಹಾರ. ನಿಮ್ಮ ಐವತ್ತು ಸಾವಿರದ ಬಾಂಡಿಗೆ ಗಿರಾಕಿ ಸಿಗದೆ ಆರ್ಡರ್ ಸಂಜೆವರೆಗೂ ಹಾಗೇ ಕೂರಬಹುದು, ಸಿಕ್ಕರೂ ಬೆಲೆ ಇಳಿಸಿ ಕೇಳುತ್ತಾರೆ. ಎಫ್‌ಡಿ ಮುರಿದರೆ ಬಡ್ಡಿಯಲ್ಲಿ ಚೂರು ಕಡಿತ, ಅಷ್ಟೇ. ಇಲ್ಲಿ ಹಾಗಲ್ಲ: ಶೇ 7ರ ಹತ್ತು ವರ್ಷದ ಬಾಂಡ್ ಕೊಂಡ ಬೆನ್ನಲ್ಲೇ ಮಾರುಕಟ್ಟೆ ಇಳುವರಿ ಶೇ 8ಕ್ಕೆ ಏರಿದರೆ ನಿಮ್ಮ ಲಕ್ಷದ ಬೆಲೆ ಸುಮಾರು 93,200. ಶೇ 8 ಸಿಗುವಾಗ ಶೇ 7ರದ್ದನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಸರ್ಕಾರ ವಿಪರೀತ ಸಾಲಕ್ಕೆ ಇಳಿದಾಗ ಇಳುವರಿ ಏರುವುದು ಹೊಸದೇನಲ್ಲ. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಲಕ್ಷಕ್ಕೆ ಮೋಸವಿಲ್ಲ. ಮಗಳ ಮದುವೆಗೋ ಸೈಟಿನ ಅಡ್ವಾನ್ಸಿಗೋ ನಡುವೆ ಬೇಕಾಗುವ ದುಡ್ಡನ್ನು ಮಾತ್ರ ಇಲ್ಲಿ ಹಾಕಬಾರದು.

ಬಡ್ಡಿ ದರ ಬದಲಾಗುತ್ತಿರುವ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್ ಕೂಡ ಇಲ್ಲೇ ಸಿಗುತ್ತದೆ. ಏಳು ವರ್ಷ, ಎನ್‌ಎಸ್‌ಸಿ (ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ) ದರಕ್ಕಿಂತ ಶೇ 0.35 ಹೆಚ್ಚು, ಎನ್‌ಎಸ್‌ಸಿ 7.7 ಇದ್ದಾಗ 8.05. ಬಡ್ಡಿ ಜನವರಿ 1, ಜುಲೈ 1ಕ್ಕೆ. ಇದನ್ನು ಮಾರುವಂತೆಯೂ ಇಲ್ಲ, ಅಡವಿಡುವಂತೆಯೂ ಇಲ್ಲ. ಚಿನ್ನದ ಬಾಂಡ್ ಹುಡುಕಬೇಡಿ, 2024ರ ಫೆಬ್ರವರಿಯ ಕಂತಿನ ಮೇಲೆ ಹೊಸದು ಬಂದಿಲ್ಲ.

ತೆರಿಗೆ ರಿಯಾಯಿತಿ ಇಲ್ಲ. ಬಡ್ಡಿ ನಿಮ್ಮ ಸ್ಲ್ಯಾಬಿಗೇ ಸೇರುತ್ತದೆ. ಹಲವು ಬಾಂಡ್‌ಗಳಲ್ಲಿ ಟಿಡಿಎಸ್ ಹಿಡಿಯದ ಕಾರಣ ಮರೆತುಬಿಡುವವರೇ ಹೆಚ್ಚು, ಮುಂಗಡ ತೆರಿಗೆಯ ಲೆಕ್ಕಕ್ಕೆ ಬರೆದಿಟ್ಟುಕೊಳ್ಳಿ. ಹತ್ತು ವರ್ಷದ ಬಾಂಡಿನ ಇಪ್ಪತ್ತು ಕಂತು ಬಡ್ಡಿಯೂ ಅಸಲೂ ಜೋಡಿಸಿದ ಒಂದೇ ಬ್ಯಾಂಕ್ ಖಾತೆಗೆ ಬರುವುದರಿಂದ, ಆ ಖಾತೆ ಮುಚ್ಚುವ ಮೊದಲೇ ಪ್ರೊಫೈಲಿನಲ್ಲಿ ಹೊಸದನ್ನು ಸೇರಿಸಿ.