ಜುನ್ನರದ ಕಾಡಿನಲ್ಲಿ ‘ಹಳೆಯ ನಾಣ್ಯ ಶೋಧ’: ದಯವಿಟ್ಟು ಯಾರೂ ಹಣ ಕಟ್ಟಬೇಡಿ

ಪುಣೆ ಮತ್ತು ಪಿಂಪರಿ-ಚಿಂಚವಡದ ಕನ್ನಡಿಗರೆಲ್ಲ ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮೆಟಲ್ ಡಿಟೆಕ್ಟರ್ ಕೊಟ್ಟು ಕಾಡಿನಲ್ಲಿ ಹಳೆಯ ನಾಣ್ಯ ಹುಡುಕಿಸುತ್ತೇನೆಂದು ತಲೆಗೆ 4,500 ರೂಪಾಯಿ ಪಡೆಯುವ ವ್ಯಕ್ತಿಯೊಬ್ಬ ನಮ್ಮವರ ನಡುವೆಯೇ ಓಡಾಡುತ್ತಿದ್ದಾನೆ. ನಾನೂ ನನ್ನ ಹನ್ನೆರಡು ವರ್ಷದ ಮಗನೂ ಅವನಿಂದ ಮೋಸಹೋದೆವು. ಧಾರವಾಡದ ಕಡೆಯ ಕನ್ನಡ ಆಡುತ್ತಾನೆ. ಊರಿನ ಮಾತು ಕೇಳಿಯೇ ನಾನು ನಂಬಿದ್ದು.

ಸಹ್ಯಾದ್ರಿಯ ಕಣಿವೆದಾರಿಯಾದ ನಾಣೇಘಾಟಿನ ಮೂಲಕ ಸಾತವಾಹನರ ಕಾಲದ ವ್ಯಾಪಾರಿಗಳು ಪುಣೆ ಜಿಲ್ಲೆಯ ಜುನ್ನರಕ್ಕೆ ಬರುತ್ತಿದ್ದುದು ನಿಜ, ಶಿವನೇರಿ ಕೋಟೆ ಅಲ್ಲೇ ಇರುವುದೂ ನಿಜ. ಮರಾಠಿಯಲ್ಲಿ ‘ನಾಣೇ’ ಎಂದರೆ ನಾಣ್ಯವೇ ಅಲ್ಲವೇ ಎಂದು ಅವನು ಕೇಳಿದಾಗ ನಾನು ತಲೆದೂಗಿದೆ. ಸಹ್ಯಾದ್ರಿಯ ಕಪ್ಪುಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ನಾವು ಕಾಡಿಗೆ ಹೋದ ದಿನ ಯಂತ್ರ ಬೆಳಗಿನಿಂದ ಎಲ್ಲೆಂದರಲ್ಲಿ ಕೂಗುತ್ತಿತ್ತು. ಮೂರು ಗಂಟೆಯಲ್ಲಿ ಸಿಕ್ಕಿದ್ದು ಎರಡು ಬಾಟಲಿ ಮುಚ್ಚಳ ಮತ್ತು ಒಂದು ಮೊಳೆ. ಆಮೇಲೆ ಅವನೇ ಮಗನ ಭುಜ ಹಿಡಿದು ಒಂದು ನೇರಳೆ ಮರದ ಬುಡಕ್ಕೆ ಕರೆದೊಯ್ದ. ಸುತ್ತಲಿನ ನೆಲ ಜನವರಿಯ ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗಿದ್ದರೂ ಅಲ್ಲಿನ ಮಣ್ಣು ಮಾತ್ರ ಕೈಯಲ್ಲೇ ಕೆದಕುವಷ್ಟು ಮೆತ್ತಗಿತ್ತು. ಇದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೂ ಬುದ್ಧಿಗೆ ಹೊಳೆಯಲಿಲ್ಲ. ನಾಲ್ಕು ಬೆರಳು ಆಳದಲ್ಲಿ, ಒಂದು ಮುಖದಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರಪತಿ’ ಎಂದಿದ್ದ ಶಿವರಾಯಿ, ಅಂದರೆ ಶಿವಾಜಿ ಹೊರಡಿಸಿದ್ದ ಬಗೆಯ ತಾಮ್ರದ ನಾಣ್ಯ, ಸಿಕ್ಕಿತು. ಮಗ ಕುಣಿದಾಡಿಬಿಟ್ಟ. ನಾಣ್ಯ ಹಿಡಿದ ಮಗನ ಅಂಗೈಯ ಫೋಟೋವನ್ನು ಆ ವ್ಯಕ್ತಿ ತೆಗೆದುಕೊಂಡ. ನಾಣ್ಯ ಮನೆಗೆ ಒಯ್ಯಲು ‘ಕಲೆಕ್ಟರ್ ನೋಂದಣಿ ಪತ್ರ’ ಬೇಕೆಂದು ಹೇಳಿ ಅಲ್ಲೇ ಇನ್ನೂ 6,000 ರೂಪಾಯಿ ಕೇಳಿದ, ಫೋನಿನಿಂದ ಕಳುಹಿಸಿದೆ.

ಹಿಂತಿರುಗುವಾಗ ನಾರಾಯಣಗಾಂವದ ಚಹಾದಂಗಡಿಯಲ್ಲಿ, ನಮ್ಮ ಜೊತೆ ಬಂದಿದ್ದ ನಿಗಡಿಯ ದಂಪತಿ ತಮಗೆ ಸಿಕ್ಕ ನಾಣ್ಯವನ್ನು ಮೇಜಿನ ಮೇಲಿಟ್ಟರು. ಅದೂ ಶಿವರಾಯಿಯೇ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ‘ವ’ ಅಕ್ಷರವನ್ನು ಸೀಳಿದ ಗೀರು ಎರಡರಲ್ಲೂ ಒಂದೇ ಕಡೆ ಇತ್ತು, ಅಂಚಿನ ಕಚ್ಚೂ ಒಂದೇ ಕಡೆ ಇತ್ತು. ಕೈಯಿಂದ ಸುತ್ತಿಗೆ ಹೊಡೆದು ಅಚ್ಚೊತ್ತಿದ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಇವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಮಗ ಅಂಗಿಯ ತುದಿಯಿಂದ ಉಜ್ಜಿದಾಗ ಹಸಿರು ಕಿಲುಬು ಬಟ್ಟೆಗೆ ಹತ್ತಿ, ಕೆಳಗೆ ಹೊಸ ತಾಮ್ರ ಹೊಳೆಯಿತು. ಅವನು ನನ್ನ ಮುಖ ನೋಡಿದ. ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಆ ವ್ಯಕ್ತಿಗೆ ಫೋನ್ ಮಾಡಿದರೆ, “ಕಾಡು ಕೊಟ್ಟದ್ದನ್ನ ನಾ ಹೆಂಗ ಬದಲಿ ಮಾಡ್ಲಿ ಸರ್?” ಎಂದ. ಎರಡು ನಾಣ್ಯಗಳ ಚಿತ್ರ ಕಳುಹಿಸಿದಾಗ, “ನಮ್ಮ ಕಡೆಯವರಾಗಿ ಹಿಂಗ ಅನುಮಾನ ಪಡ್ತೀರಲ್ಲ” ಎಂದು ಬರೆದ. ನೋಂದಣಿ ಪತ್ರ ಎಲ್ಲಿ ಎಂದರೆ, “ಆಫೀಸಿನ್ಯಾಗ ಐತಿ.” ಯಾವ ಆಫೀಸು ಎಂದು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಉತ್ತರವಿಲ್ಲ.

ಆಮೇಲೆ ಓದಿ ತಿಳಿದದ್ದೇ ಹೆಚ್ಚು ಹೆದರಿಸಿತು. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಸಿಕ್ಕವರೇ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು; ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ಮೀಸಲು ಅರಣ್ಯದಲ್ಲಿ ನೆಲ ಅಗೆಯುವುದು 1927ರ ಅರಣ್ಯ ಕಾಯ್ದೆಯಡಿ ಅಪರಾಧ. ನಾಣ್ಯ ನಿಜವಾಗಿದ್ದಿದ್ದರೆ ಮಗನನ್ನು ಪಕ್ಕದಲ್ಲಿಟ್ಟುಕೊಂಡೇ ನಾನು ಕಾನೂನು ಮುರಿದಂತಾಗುತ್ತಿತ್ತು. ಹಳೆಯ ನಾಣ್ಯದ ಆಸೆಯಿದ್ದರೆ ಬಿಲ್ಲು ಕೊಡುವ, ಪರಿಚಯದ ನಾಣ್ಯ ವ್ಯಾಪಾರಿಯಿಂದ ಕೊಳ್ಳಿ. ಕಾಡಿಗೆ ಕರೆಯುವವನಿಗೆ, ಅವನು ನಿಮ್ಮ ಊರಿನವನೇ ಆಗಿದ್ದರೂ, ಒಂದು ಪೈಸೆ ಕೊಡಬೇಡಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಬರುವ ಭಾನುವಾರಕ್ಕೆ ಅವನು ಮತ್ತೊಂದು ಪ್ರವಾಸದ ಜಾಹೀರಾತು ಹಾಕಿದ್ದಾನೆ, ಅದರ ಚಿತ್ರದಲ್ಲಿರುವುದು ನನ್ನ ಮಗನ ಅಂಗೈ. ಅದನ್ನು ತೆಗೆಯಬೇಕೆಂದು ಎರಡು ಬಾರಿ ಬರೆದೆ, ಇನ್ನೂ ತೆಗೆದಿಲ್ಲ.