ಘಾನಾದ ‘ಸ್ನಿಟ್’ ಪಿಂಚಣಿ: ಸಂಬಳಪಟ್ಟಿ ಬರೆಯುವವನೊಬ್ಬನ ವಿಮರ್ಶೆ

ಟೇಮಾ ಬಂದರಿನ ಸಮೀಪದ ಕಾರ್ಖಾನೆಯೊಂದರಲ್ಲಿ ಸಂಬಳಪಟ್ಟಿ ಸಿದ್ಧಪಡಿಸುವುದು ನನ್ನ ಕೆಲಸ. ಘಾನಾದ ಸಾಮಾಜಿಕ ಭದ್ರತೆ ಮತ್ತು ರಾಷ್ಟ್ರೀಯ ವಿಮಾ ಟ್ರಸ್ಟನ್ನು ಇಲ್ಲಿನವರು ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ‘ಸ್ನಿಟ್’ ಎನ್ನುತ್ತಾರೆ. ಅಕ್ರಾ, ಟೇಮಾ ಕಡೆ ಕೆಲಸಕ್ಕೆ ಬರುವ ಕನ್ನಡಿಗರು ಮೊದಲ ಸಂಬಳದ ಚೀಟಿ ಕೈಗೆ ಬಂದ ದಿನವೇ, ಸ್ನಿಟ್ ಹೆಸರಿನಲ್ಲಿ ಕಡಿತವಾದ ಹಣ ಎಲ್ಲಿಗೆ ಹೋಗುತ್ತದೆ, ಮುಂದೆ ಅದು ತಮ್ಮ ಕೈಸೇರುತ್ತದೆಯೇ ಎಂದು ಕೇಳುತ್ತಾರೆ. ಕೈಸೇರುತ್ತದೆ ಎಂಬುದೇ ನನ್ನ ಉತ್ತರ. ಆದರೆ ಅದು ಹೇಗೆ ಉಳಿದುಕೊಂಡು ಬಂದಿದೆ ಎಂಬುದನ್ನು ತಿಳಿಯದೆ ಈ ಸೇವೆಯ ಗುಣಾವಗುಣಗಳನ್ನು ಅಳೆಯಲಾಗದು.

ಮೊದಲು ಲೆಕ್ಕ. 2008ರ ಪಿಂಚಣಿ ಕಾಯ್ದೆಯ ಪ್ರಕಾರ ಮೂಲವೇತನದ ಶೇ 18.5ರಷ್ಟು ಹಣ ಪಿಂಚಣಿಗೆ ಹೋಗುತ್ತದೆ. ಅದರಲ್ಲಿ ನೌಕರನ ಪಾಲು ಶೇ 5.5, ಮಾಲೀಕನ ಪಾಲು ಶೇ 13. ಒಟ್ಟು ಮೊತ್ತದಲ್ಲಿ ಶೇ 13.5 ಸ್ನಿಟ್‌ಗೆ ಸಂದಾಯವಾಗುತ್ತದೆ. ಅದರೊಳಗಿಂದ ಶೇ 2.5 ರಾಷ್ಟ್ರೀಯ ಆರೋಗ್ಯ ವಿಮೆಗೆ ಹೋಗುವುದರಿಂದ ಪಿಂಚಣಿಗೆಂದು ಉಳಿಯುವುದು ಶೇ 11. ಬಾಕಿ ಶೇ 5 ಎರಡನೆಯ ಹಂತದ ಖಾತೆಗೆ ಸೇರುತ್ತದೆ. ಅದನ್ನು ಖಾಸಗಿ ಟ್ರಸ್ಟಿಗಳು ನಿರ್ವಹಿಸಿ, ನಿವೃತ್ತಿಯ ದಿನ ಇಡಿಗಂಟಾಗಿ ಕೊಡುತ್ತಾರೆ. ಮೂರನೆಯ ಹಂತ ಅವರವರ ಇಚ್ಛೆಗೆ ಬಿಟ್ಟದ್ದು. ಕನಿಷ್ಠ 180 ತಿಂಗಳು ವಂತಿಗೆ ಕಟ್ಟಿದವರಿಗೆ, ಅತಿ ಹೆಚ್ಚು ಸಂಬಳ ಪಡೆದ ಮೂರು ವರ್ಷಗಳ ಸರಾಸರಿಯ ಶೇ 37.5ರಷ್ಟು ಪಿಂಚಣಿ ದೊರೆಯುತ್ತದೆ. ಆಮೇಲಿನ ಪ್ರತಿ ಹನ್ನೆರಡು ತಿಂಗಳಿಗೆ ಶೇ 1.125 ಸೇರುತ್ತಾ ಹೋಗಿ, ಮೂವತ್ತೈದು ವರ್ಷ ದುಡಿದವರಿಗೆ ಅದು ಶೇ 60ಕ್ಕೆ ಮುಟ್ಟುತ್ತದೆ. ಮಾಲೀಕರು ತಿಂಗಳು ಮುಗಿದ 14 ದಿನಗಳೊಳಗೆ ಹಣ ಕಟ್ಟದಿದ್ದರೆ ತಿಂಗಳಿಗೆ ಶೇ 3 ದಂಡ ಬೀಳುತ್ತದೆ. ಘಾನಾ ಬಿಟ್ಟು ಶಾಶ್ವತವಾಗಿ ಹೊರಡುವ ವಿದೇಶಿಯರಿಗೆ ಇಡಿಗಂಟು ಪಡೆಯುವ ಅವಕಾಶವನ್ನೂ ಕಾನೂನು ಕೊಟ್ಟಿದೆ. ಕಾಗದದ ಮೇಲೆ ಇದು ಒಪ್ಪವಾದ ವ್ಯವಸ್ಥೆ.

ಪೆಟ್ಟು ಬೀಳುವುದು ‘ಮೂಲವೇತನ’ ಎಂಬ ಪದದಲ್ಲಿ. ನಾನು ಹಿಂದೆ ದುಡಿದ ಸಂಸ್ಥೆಯೊಂದರಲ್ಲಿ 4,000 ಸೆಡಿ (ಘಾನಾದ ಹಣ, ಒಂದು ಸೆಡಿಗೆ ನೂರು ಪೆಸೆವಾ) ಪಡೆಯುವ ಯಂತ್ರಚಾಲಕನ ಮೂಲವೇತನವನ್ನು 1,500 ಎಂದು ತೋರಿಸಿ, ಉಳಿದದ್ದನ್ನು ಸಾರಿಗೆ, ಮನೆಬಾಡಿಗೆ, ಊಟದ ಭತ್ಯೆ ಎಂದು ಹಂಚಿ ಬರೆಯಲಾಗುತ್ತಿತ್ತು. ಆ ಪಟ್ಟಿಯನ್ನು ನನ್ನ ಕೈಯಿಂದಲೇ ಬರೆದಿದ್ದೇನೆ, ಅದಕ್ಕಾಗಿ ಇಂದಿಗೂ ನನಗೆ ಸಮಾಧಾನವಿಲ್ಲ. ಅದೇ ವೇತನದಲ್ಲಿ ಹದಿನೈದು ವರ್ಷ ಮುಗಿಸಿದ ಮನುಷ್ಯನಿಗೆ ತಿಂಗಳಿಗೆ ಸಿಗುವ ಪಿಂಚಣಿ 562 ಸೆಡಿ 50 ಪೆಸೆವಾ. ಅದೇ ಸೂತ್ರವನ್ನು ಪೂರ್ಣ ಸಂಬಳಕ್ಕೆ ಅನ್ವಯಿಸಿದ್ದರೆ 1,500 ಸೆಡಿ ಸಿಗುತ್ತಿತ್ತು. ದುಡಿಯುವ ಕಾಲದಲ್ಲಿ ಕಡಿತ ಕಡಿಮೆಯಾಯಿತೆಂದು ನೌಕರನೂ ಸುಮ್ಮನಿರುತ್ತಾನೆ, ಅರವತ್ತು ತುಂಬಿದಾಗಲೇ ನಷ್ಟ ಅರಿವಿಗೆ ಬರುವುದು. ಕೆಲಸಕ್ಕೆ ಸೇರುವವರು ಒಟ್ಟು ಸಂಬಳವನ್ನಷ್ಟೇ ನೋಡಿ ಸಹಿ ಹಾಕದೆ, ಮೂಲವೇತನ ಎಷ್ಟೆಂದು ಮೊದಲು ಕೇಳಬೇಕು.

ಇನ್ನೊಂದು ಕೊರತೆ ಕುಟುಂಬಕ್ಕೆ ಸಂಬಂಧಿಸಿದ್ದು. ಪಿಂಚಣಿದಾರ 75 ವರ್ಷಕ್ಕೆ ಮೊದಲೇ ತೀರಿಕೊಂಡರೆ ಉಳಿದ ಅವಧಿಯ ಮೊತ್ತ ವಾರಸುದಾರರಿಗೆ ಇಡಿಗಂಟಾಗಿ ಸಂದಾಯವಾಗುತ್ತದೆಯೇ ಹೊರತು ವಿಧವೆಗೆ ತಿಂಗಳ ಪಿಂಚಣಿ ಇರುವುದಿಲ್ಲ. ನಮ್ಮಲ್ಲಿ ಕುಟುಂಬ ಪಿಂಚಣಿಯನ್ನು ಕಂಡವರಿಗೆ ಇದು ಕಠೋರವಾಗಿಯೇ ಕಾಣುತ್ತದೆ.

ಈ ಹಣದ ನಿಜವಾದ ಕಾವಲುಗಾರರು ಯಾರು ಎಂಬುದಕ್ಕೆ ಕಾರ್ಮಿಕ ಸಂಘಗಳು ಎಂದೇ ನಾನು ಹೇಳುತ್ತೇನೆ. ಸ್ವಾತಂತ್ರ್ಯಾನಂತರ, ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಆಳ್ವಿಕೆಯಲ್ಲಿ, 1965ರಲ್ಲಿ, ಭವಿಷ್ಯನಿಧಿಯ ರೂಪದಲ್ಲಿ ಹುಟ್ಟಿದ ಯೋಜನೆ 1972ರಲ್ಲಿ ಟ್ರಸ್ಟ್ ಆಗಿ, 1991ರಲ್ಲಿ ತಿಂಗಳ ಪಿಂಚಣಿಯಾಗಿ ಬದಲಾಯಿತು. ಬ್ರಿಟಿಷರ ಕಾಲದಿಂದ ಬಂದ, ಸರ್ಕಾರವೇ ಪೂರ್ತಿ ಭರಿಸುವ ‘ಕ್ಯಾಪ್ 30’ ಪಿಂಚಣಿಯಲ್ಲಿ ಉಳಿದವರಿಗೂ ಸ್ನಿಟ್‌ಗೆ ಸೇರಿದವರಿಗೂ ನಡುವಿನ ಅಂತರದ ವಿರುದ್ಧ ಸರ್ಕಾರಿ ನೌಕರರು ದನಿಯೆತ್ತಿದ್ದರಿಂದ 2004ರಲ್ಲಿ ಆಯೋಗ ನೇಮಕವಾಯಿತು. ಹಳೆಯ ಪಿಂಚಣಿಗಾಗಿ ಹೋರಾಡಿದ ಕರ್ನಾಟಕದ ಸರ್ಕಾರಿ ನೌಕರರಿಗೆ ಈ ಅಸಮಾಧಾನವನ್ನು ವಿವರಿಸಿ ಹೇಳಬೇಕಾಗಿಲ್ಲ. ಘಾನಾದ ಎರಡು ಮುಖ್ಯ ಪಕ್ಷಗಳು ಎನ್‌ಪಿಪಿ ಮತ್ತು ಎನ್‌ಡಿಸಿ. ಎನ್‌ಪಿಪಿ ಪಕ್ಷ ಅಧಿಕಾರದಿಂದ ಇಳಿಯುವ ಮುನ್ನ ಆಯೋಗದ ವರದಿಯ ಆಧಾರದ ಮೇಲೆ ಅಂಗೀಕರಿಸಿದ ಆ 2008ರ ಕಾಯ್ದೆ, ಎನ್‌ಡಿಸಿ ಸರ್ಕಾರದ ಕೈಯಲ್ಲಿ 2010ರ ಜನವರಿಯಿಂದ ಜಾರಿಗೆ ಬಂತು.

ಅಲ್ಲಿಂದಾಚೆಗೆ ನಡೆದದ್ದು ಪಕ್ಷಗಳ ಪಾತ್ರ ಬದಲಾವಣೆ. ಸರ್ಕಾರಿ ನೌಕರರ ಎರಡನೆಯ ಹಂತದ ಹಣ ವರ್ಷಗಟ್ಟಲೆ ಬ್ಯಾಂಕ್ ಆಫ್ ಘಾನಾದ ತಾತ್ಕಾಲಿಕ ಖಾತೆಯಲ್ಲೇ ಉಳಿಯಿತು. ಸಂಘಗಳು ತಾವೇ ರಚಿಸಿಕೊಂಡ ಯೋಜನೆಗಳಿಗೆ ಅದನ್ನು ವರ್ಗಾಯಿಸುವ ಬದಲು, ತಾನು ಆಯ್ದ ಟ್ರಸ್ಟಿಯನ್ನು ಒಪ್ಪಿಕೊಳ್ಳಿ ಎಂದು ಅಧ್ಯಕ್ಷ ಮಹಾಮಾ ನೇತೃತ್ವದ ಎನ್‌ಡಿಸಿ ಸರ್ಕಾರ ಪಟ್ಟು ಹಿಡಿದಾಗ, 2014ರ ಅಕ್ಟೋಬರ್‌ನಲ್ಲಿ ಶಿಕ್ಷಕರು, ದಾದಿಯರು, ಗುಮಾಸ್ತರು ಸೇರಿದಂತೆ ಹನ್ನೆರಡು ಸಂಘಗಳು ಮುಷ್ಕರಕ್ಕಿಳಿದವು. ಸುಮಾರು 310 ಕೋಟಿ ಸೆಡಿ ಆ ಯೋಜನೆಗಳ ಖಾತೆಗೆ ಬಂದದ್ದು 2017ರಲ್ಲಿ ಅಧಿಕಾರ ಬದಲಾದ ಮೇಲೆ. ಅದನ್ನು ತಮ್ಮ ಸಾಧನೆಯೆಂದು ಹೇಳಿಕೊಂಡ ಎನ್‌ಪಿಪಿಯವರೇ 2022ರ ಡಿಸೆಂಬರ್‌ನಲ್ಲಿ ಸರ್ಕಾರದ ಹಳೆಯ ಬಾಂಡ್‌ಗಳ ಬದಲಿಗೆ ಕಡಿಮೆ ಬಡ್ಡಿಯ, ದೀರ್ಘಾವಧಿಯ ಹೊಸ ಬಾಂಡ್ ಕೊಡುವ ದೇಶೀಯ ಸಾಲ ವಿನಿಮಯ ಯೋಜನೆಗೆ ಪಿಂಚಣಿ ನಿಧಿಗಳನ್ನೂ ಎಳೆದು ತಂದರು. ಡಿಸೆಂಬರ್ 27ರಿಂದ ದೇಶವ್ಯಾಪಿ ಮುಷ್ಕರವೆಂದು ಸಂಘಗಳು ಘೋಷಿಸಿದ ಮೇಲೆ, ಅದಕ್ಕೆ ಕೆಲವೇ ದಿನ ಮುಂಚೆ ಸರ್ಕಾರ ಆ ನಿಧಿಗಳನ್ನು ಕೈಬಿಟ್ಟಿತು. ಆದರೆ ಆಗ ಆ ವಿನಾಯಿತಿ ಸಿಗದ, ಸ್ವಂತ ಹೆಸರಿನಲ್ಲಿ ಬಾಂಡ್ ಕೊಂಡಿದ್ದ ವೃದ್ಧರಿಗೆ ಸಂಘವೂ ಇರಲಿಲ್ಲ, ಮುಷ್ಕರ ಹೂಡಲು ಕೆಲಸವೂ ಇರಲಿಲ್ಲ. 2023ರ ಫೆಬ್ರುವರಿಯಲ್ಲಿ ಅವರು ಹಣಕಾಸು ಸಚಿವಾಲಯದ ಮುಂದೆ ಧರಣಿ ಕೂತಾಗ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಅವರೂ ಬಂದು ಜೊತೆಗೆ ಕೂತರು.

2024ರ ಪ್ರಕರಣವಂತೂ ಸದಸ್ಯರೆಲ್ಲರಿಗೂ ನೆನಪಿದೆ. ಲಬಾಡಿ ಬೀಚ್, ಲಾ ಪಾಮ್ ರಾಯಲ್ ಮೊದಲಾದ ಹೋಟೆಲ್‌ಗಳಲ್ಲಿ ಸ್ನಿಟ್ ಹೊಂದಿರುವ ಪಾಲಿನ ಶೇ 60 ಭಾಗವನ್ನು, ಅಂದಿನ ಕೃಷಿ ಸಚಿವ ಬ್ರಯನ್ ಅಚೆಂಪಾಂಗ್ ಅವರ ಒಡೆತನದ ರಾಕ್ ಸಿಟಿ ಕಂಪನಿಗೆ ಮಾರುವ ಪ್ರಕ್ರಿಯೆ ನಡೆದಿತ್ತು. ವಿರೋಧ ಪಕ್ಷವಾಗಿದ್ದ ಎನ್‌ಡಿಸಿಯ ಸಂಸದ ಸ್ಯಾಮ್ಯುಯೆಲ್ ಒಕುಜೆಟೊ ಅಬ್ಲಾಕ್ವಾ ದೂರು ಸಲ್ಲಿಸಿ ಬೀದಿಗಿಳಿದರು. ಸಂಘಗಳು ಜುಲೈ 15ರಿಂದ ಮುಷ್ಕರವೆಂದು ಗಡುವು ಕೊಟ್ಟ ಮೇಲೆ ಕಂಪನಿ ಹಿಂದೆ ಸರಿಯಿತು. ಸಂಸದರ ಹೋರಾಟವನ್ನು ನಾನು ಗೌರವಿಸುತ್ತೇನೆ. ಆದರೆ ಅದಕ್ಕೆ ಹತ್ತು ವರ್ಷ ಹಿಂದೆ ಅವರ ಪಕ್ಷದ ಸರ್ಕಾರವೇ ಇದೇ ನೌಕರರ ಎದುರು ನಿಂತಿತ್ತು ಎಂಬುದನ್ನು ಮರೆಯಲಾರೆ. 2017ರಲ್ಲೂ 2025ರಲ್ಲೂ ಸರ್ಕಾರ ಬದಲಾದೊಡನೆ ಸ್ನಿಟ್‌ನ ಮಹಾನಿರ್ದೇಶಕರೂ ಬದಲಾದರು. ಪಿಂಚಣಿಯ ಹೂಡಿಕೆ ದಶಕಗಳ ಲೆಕ್ಕಾಚಾರ ಬೇಡುವ ಕೆಲಸ, ಅದರ ಮುಖ್ಯಸ್ಥರ ಅವಧಿ ಚುನಾವಣೆಗೆ ಕಟ್ಟುಬೀಳುವುದು ಈ ಸೇವೆಯ ಅತಿ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಬೆಲೆಯೇರಿಕೆಯ ವಿಷಯದಲ್ಲಿ ಸ್ನಿಟ್ ಪ್ರತಿ ಜನವರಿಯಲ್ಲಿ ಪಿಂಚಣಿ ಪರಿಷ್ಕರಿಸುತ್ತದೆ. ಕಡಿಮೆ ಪಡೆಯುವವರಿಗೆ ಹೆಚ್ಚು ಶೇಕಡಾವಾರು ಸಿಗುವಂತೆ ಒಂದು ಪಾಲನ್ನು ಎಲ್ಲರಿಗೂ ಸಮನಾಗಿ ಹಂಚುವುದು ಮೆಚ್ಚತಕ್ಕ ಕ್ರಮ. ಆದರೂ 2023ರ ಏರಿಕೆ ಶೇ 25 ಆಗಿದ್ದಾಗ ಹಿಂದಿನ ಡಿಸೆಂಬರ್‌ನ ಹಣದುಬ್ಬರ ಶೇ 54.1 ಇತ್ತು.

ಈಗಿನ ಕ್ರಮವೇ ಮುಂದುವರಿದರೆ ಸ್ನಿಟ್‌ನ ಮೀಸಲು ನಿಧಿ 2036ಕ್ಕೆ ಬರಿದಾಗಬಹುದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು ಹೇಳಿತ್ತು. ಅದನ್ನು ಓದಿದ ನಂತರವೂ ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಸೂತ್ರಕ್ಕೆ ಒಂದೂವರೆ, ಇಡಿಗಂಟು ಕೊಡುವ ಎರಡನೆಯ ಹಂತಕ್ಕೆ ಒಂದು, ವಂತಿಗೆ ವಿವರವನ್ನು ಸದಸ್ಯರು ಫೋನಿನಲ್ಲೇ ನೋಡಬಹುದಾದ ಅನುಕೂಲಕ್ಕೆ ಉಳಿದರ್ಧ. ಹೊಸದಾಗಿ ಸೇರುವವರು ಮಾಲೀಕರು ಕಟ್ಟಿದ ಹಣದ ವಿವರವನ್ನು ಮೂರು ತಿಂಗಳಿಗೊಮ್ಮೆಯಾದರೂ ಪರಿಶೀಲಿಸಿ, ಯಾವುದೇ ತಿಂಗಳು ಬಿಟ್ಟುಹೋಗಿದ್ದರೆ ಆಗಲೇ ಬರವಣಿಗೆಯಲ್ಲಿ ಕೇಳಬೇಕು. ಎರಡನೆಯ ಹಂತದ ಟ್ರಸ್ಟಿಯ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಕಾರ್ಖಾನೆಯಲ್ಲಿ ಸಂಘವಿದ್ದರೆ ಅದರ ಚಂದಾವನ್ನೂ ಪಿಂಚಣಿಯ ವಂತಿಗೆಯೆಂದೇ ಎಣಿಸಿ ತಪ್ಪದೆ ಕಟ್ಟಬೇಕು.