ಹಳದಿ ಟೀ ಶರ್ಟಿನ ಟಿಕೆಟ್: ಸಿಯಾಟಲ್‌ನ ಕಿಂಗ್ಸ್ ಕೋರ್ಟ್‌ನಲ್ಲಿ ಒಂಬತ್ತು ಸೀಸನ್

ಸಿಯಾಟಲ್‌ಗೆ ಬಂದ ಹೊಸತರಲ್ಲಿ ಬೇಸ್‌ಬಾಲ್ ನನಗೆ ಚೂರೂ ಅರ್ಥವಾಗುತ್ತಿರಲಿಲ್ಲ. 2011ರಲ್ಲಿ ಆಫೀಸಿನ ಗೆಳೆಯನೊಬ್ಬ ಮ್ಯಾರಿನರ್ಸ್ ತಂಡದ 'ಕಿಂಗ್ಸ್ ಕೋರ್ಟ್' ಟಿಕೆಟ್ ಕೊಡಿಸಿದ. ಅಂಟಿಕೊಂಡ ಹುಚ್ಚು 2019ರವರೆಗೂ ಬಿಡಲಿಲ್ಲ.

ತಂಡದ ಪಿಚರ್ (ಚೆಂಡು ಎಸೆಯುವವನು), ವೆನಿಜುವೆಲಾದ ಫೆಲಿಕ್ಸ್ ಹರ್ನಾಂಡೆಜ್‌ನ ಅಡ್ಡಹೆಸರು 'ಕಿಂಗ್'. ಸ್ವಂತ ಮೈದಾನದಲ್ಲಿ ಅವನು ಆಟ ಶುರು ಮಾಡುವ ದಿನ ಎಡಗಡೆ ಗೆರೆಯ ಪಕ್ಕದ 150ನೇ ಸೆಕ್ಷನ್‌ಗೆ ವಿಶೇಷ ದರ ಇರುತ್ತಿತ್ತು. ಅದೇ ಕಿಂಗ್ಸ್ ಕೋರ್ಟ್. ಆ ದುಡ್ಡಲ್ಲೇ ಹಳದಿ ಟೀ ಶರ್ಟ್ ಮತ್ತು 'ಕೆ' ಅಂತ ಬರೆದ ಕಾರ್ಡ್. ಸ್ಕೋರ್ ಬರೆಯುವವರು ಸ್ಟ್ರೈಕ್‌ಔಟ್‌ಗೆ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್ ಆಗುವುದು) ಹಾಕುವ ಗುರುತು ಅದು. ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆದರೆ ಸಾಕು, ಎಲ್ಲರೂ ಎದ್ದು 'ಕೆ! ಕೆ! ಕೆ!' ಅಂತ ಕೂಗಬೇಕಿತ್ತು. ನಾನು ಕಾರ್ಡಿನ ಹಿಂದೆ ದಪ್ಪ ಮಾರ್ಕರ್‌ನಲ್ಲಿ 'ಕ' ಬರೆದುಕೊಂಡಿದ್ದೆ. ಪಕ್ಕದವರು ಕೇಳಿದರೆ ನಮ್ಮೂರಿನ ಕೆ ಅಂತಿದ್ದೆ. ಮನಸ್ಸಿನಲ್ಲಿ ಇದ್ದದ್ದು ಮಾತ್ರ ಕುಂಬ್ಳೆ.

ಖರ್ಚಿನ ಲೆಕ್ಕ ಹೇಳ್ತೀನಿ. ಪಕ್ಕದ ಊರು ಬೆಲ್ವ್ಯೂನಿಂದ 550 ನಂಬರಿನ ಬಸ್ಸು, ಆಮೇಲೆ ನಡಿಗೆ. ಪಾರ್ಕಿಂಗ್ ದುಡ್ಡು ಉಳೀತು. ಈ ಮೈದಾನದಲ್ಲಿ ಹೊರಗಿನ ತಿಂಡಿ ಒಯ್ಯಲು ಬಿಡುತ್ತಾರೆ, ಹಾಗಾಗಿ ಡಬ್ಬಿಯಲ್ಲಿ ಚಿತ್ರಾನ್ನ. ಹಳದಿ ಅಂಗಿ, ಹಳದಿ ಅನ್ನ. ಚೆಲ್ಲಿದರೂ ಕಲೆ ಕಾಣಲ್ಲ!

ತೊಂದರೆ ಬೇರೆ ಕಡೆ ಇತ್ತು. ಸ್ಟಾರ್ಟಿಂಗ್ ಪಿಚರ್‌ಗೆ, ಅಂದರೆ ಆಟ ಶುರು ಮಾಡುವ ಪಿಚರ್‌ಗೆ, ಸರದಿ ಬರುವುದು ಸುಮಾರು ಐದು ದಿನಕ್ಕೊಮ್ಮೆ. ತಿಂಗಳ ಮುಂಚೆ ಪ್ಲ್ಯಾನ್ ಮಾಡಿದರೆ ಸರದಿ ಒಂದು ದಿನ ಆಚೀಚೆ ಆಗಬಹುದು. ನಾನೊಮ್ಮೆ ಟಿಕೆಟ್ ಮರುಮಾರಾಟದ ಒಂದು ಸೈಟಿನಲ್ಲಿ ಆತುರಪಟ್ಟು ನಾಲ್ಕು ಸೀಟು ತಗೊಂಡೆ. ಹೋಗಿ ನೋಡಿದರೆ ಪಿಚ್ ಮಾಡ್ತಿರೋದು ಬೇರೆ ಯಾರೋ. ಅಂಗಿಯೂ ಇಲ್ಲ, ರಾಜನೂ ಇಲ್ಲ. ಸೈಟಿನವರು ದುಡ್ಡು ವಾಪಸ್ ಕೊಡಲಿಲ್ಲ. ಅವತ್ತಿಂದ ಎರಡು ದಿನ ಮುಂಚೆ ಮಾತ್ರ ಬುಕ್ ಮಾಡುತ್ತಿದ್ದೆ.

ಇನ್ನೊಂದು ಸಂಕಟಕ್ಕೆ ನಾನೇ ಕಾರಣ. 2012ರ ಆಗಸ್ಟ್ 15, ಬುಧವಾರ ಮಧ್ಯಾಹ್ನದ ಆಟ. ನನಗೆ ಮೀಟಿಂಗ್ ಇತ್ತು, ಟಿಕೆಟ್ಟನ್ನು ಸಹೋದ್ಯೋಗಿಗೆ ಕೊಟ್ಟೆ. ಅವತ್ತು ಫೆಲಿಕ್ಸ್ ಟ್ಯಾಂಪಾ ಬೇ ರೇಸ್ ತಂಡದ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. ಪರ್ಫೆಕ್ಟ್ ಗೇಮ್. 12 ಸ್ಟ್ರೈಕ್‌ಔಟ್, 1-0 ಗೆಲುವು. ಆ ಪುಣ್ಯಾತ್ಮ ಸಿಕ್ಕಾಗಲೆಲ್ಲ ಈಗಲೂ ಥ್ಯಾಂಕ್ಸ್ ಹೇಳ್ತಾನೆ, ನನಗೆ ಹೊಟ್ಟೆ ಉರಿಯುತ್ತೆ. ಮೀಟಿಂಗ್ ಯಾವುದರ ಬಗ್ಗೆ ಅಂತಲೂ ನೆನಪಿಲ್ಲ. ಆಗಸ್ಟ್ 21ರಂದು ಇಡೀ ಸ್ಟೇಡಿಯಂಗೆ ಹಳದಿ ಅಂಗಿ ಹಂಚಿ 'ಸುಪ್ರೀಂ ಕೋರ್ಟ್' ಮಾಡಿದರು. ಅದಕ್ಕೆ ರಜೆ ಹಾಕಿಯೇ ಹೋದೆ.

ತಂಡ ಗೆಲ್ಲುತ್ತೆ ಅಂತ ತಗೊಳ್ಳುವ ಟಿಕೆಟ್ ಆಗಿರಲಿಲ್ಲ ಇದು. 2010ರಲ್ಲಿ ಫೆಲಿಕ್ಸ್‌ಗೆ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ಆ ವರ್ಷ ಅವನ ಲೆಕ್ಕದಲ್ಲಿ 13 ಗೆಲುವು, 12 ಸೋಲು! ರಾಜ ಇದ್ದ, ಸೈನ್ಯ ಇರಲಿಲ್ಲ. ಅಷ್ಟು ವರ್ಷ ಆಡಿಯೂ ಅವನಿಗೆ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತ) ಒಂದು ಆಟ ಸಿಗಲಿಲ್ಲ.

ಕೊನೆಯ ಎರಡು ವರ್ಷ ಕೊಟ್ಟ ಕಾಸಿಗೆ ತಕ್ಕ ಆಟ ನೋಡಿದೆ ಅಂತ ಹೇಳಲಾರೆ. 2018ರಲ್ಲಿ ಅವನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, ಕಮ್ಮಿ ಇದ್ದಷ್ಟೂ ಒಳ್ಳೆಯದು) 5.55ಕ್ಕೆ ಏರಿತು. ಆಗಸ್ಟ್‌ನಲ್ಲಿ ಬುಲ್‌ಪೆನ್‌ಗೆ, ಅಂದರೆ ಆಟದ ನಡುವೆ ಬರುವ ಬದಲಿ ಪಿಚರ್‌ಗಳ ಸಾಲಿಗೆ ಕಳಿಸಿದರು. ಕೆ ಕಾರ್ಡು ಎತ್ತುವುದಕ್ಕಿಂತ ಬೀಸಣಿಗೆಯಾಗಿ ಜಾಸ್ತಿ ಕೆಲಸಕ್ಕೆ ಬಂತು. ಆದರೂ ಹೋಗ್ತಿದ್ದೆ. ಗುಂಡಪ್ಪ ವಿಶ್ವನಾಥ್ ಫಾರ್ಮ್‌ನಲ್ಲಿಲ್ಲ ಅಂತ ನಮ್ಮಪ್ಪ ರೇಡಿಯೋ ಆಫ್ ಮಾಡ್ತಿದ್ರಾ? ಇಲ್ಲ ಅಲ್ವಾ.

2019ರ ಸೆಪ್ಟೆಂಬರ್ 26, ಓಕ್‌ಲ್ಯಾಂಡ್ ವಿರುದ್ಧ ಅವನ ಕೊನೆಯ ಆಟ. ಆರನೇ ಇನ್ನಿಂಗ್ಸ್‌ನಲ್ಲಿ ಕಣ್ಣೀರು ಹಾಕುತ್ತಲೇ ಮೈದಾನದಿಂದ ಹೊರಬಂದ. ಸೋತ ತಂಡಕ್ಕೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಳೆದದ್ದು ನನ್ನ ಆ ಮೀಟಿಂಗ್‌ಗೆ. ಅಂಗಿಗಳಲ್ಲಿ ಒಂದನ್ನು ರಾಜ್ಯೋತ್ಸವಕ್ಕೆ ಕೆಂಪು ಶಾಲಿನ ಜೊತೆ ಹಾಕ್ತೀನಿ. ಇನ್ನೊಂದನ್ನು ಅಮ್ಮ ಮೈಸೂರಿಗೆ ಒಯ್ದರು. ಅದನ್ನು ತೊಟ್ಟೇ ಬೆಳಿಗ್ಗೆ ವಾಕಿಂಗ್ ಹೋಗ್ತಾರಂತೆ.